ಸಂದೇಹಕ್ಕೆ ದಂಡ ವಿಧಿಸುವ ಜಮಾಅತ್‌ಗಳು

2025ರ ಸೆಪ್ಟೆಂಬರ್ 22ರಂದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಆರಂಭವಾಯಿತು. ಒಟ್ಟು 60 ಪ್ರಶ್ನೆಗಳು. ನಂಜನಗೂಡಿನ ಒಂದು ಮನೆಗೆ ಗಣತಿಗೆಂದು ಬಂದ ಶಾಲಾ ಶಿಕ್ಷಕಿ, ನಿಮ್ಮ ಧರ್ಮ ಯಾವುದೆಂದು ಕೇಳಿದರು. ಉತ್ತರಿಸಬೇಕಾಗಿದ್ದವನು ಆ ಮನೆಯ ಹಿರಿಯ ಮಗ. ವಯಸ್ಸು ಇಪ್ಪತ್ತೊಂಬತ್ತು. ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಉದ್ಯೋಗ. ಎರಡು ವರ್ಷಗಳಿಂದ ಆತ ಮಸೀದಿಯ ಮೆಟ್ಟಿಲು ಹತ್ತಿಲ್ಲ. ದೇವನಿದ್ದಾನೋ ಇಲ್ಲವೋ ಎಂಬುದು ತನಗೆ ಖಚಿತವಿಲ್ಲವೆಂದು ಗೆಳೆಯರೊಂದಿಗೆ ಹೇಳಿಕೊಂಡವನು. ಪರದೆಯ ಹಿಂದೆ ನಿಂತಿದ್ದ ತಾಯಿ ಉಸಿರು ಬಿಗಿಹಿಡಿದಿದ್ದರು. ‘ಬರೆದುಕೊಳ್ಳಿ ಮೇಡಂ, ಇಸ್ಲಾಮ್’ ಎಂದ ಆತ.

ಆ ಬಳಿಕ ಆತನನ್ನು ಭೇಟಿಯಾದಾಗ ಕಾರಣ ಕೇಳಿದೆ. ‘ಮತ್ತೇನು ಬರೆಸಲಿ ಮೌಲಾನಾ? ನಮ್ಮ ಅಬ್ಬಾ ಮಲಗಿರೋದು ಅಲ್ಲೇ ತಾನೆ?’ ಎಂದು ಖಬರಸ್ತಾನದ ದಿಕ್ಕಿಗೆ ಕೈ ತೋರಿಸಿದ.

ಆತನ ತಂದೆ ನಿಧನರಾದುದು 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೇ ಅಲೆಯ ವೇಳೆ. ರೋಗದ ಭಯವೇನೆಂಬುದು ನಂಜನಗೂಡಿಗೆ ಇತರ ಊರುಗಳಿಗಿಂತ ಮೊದಲೇ ತಿಳಿದಿತ್ತು. 2020ರ ಮಾರ್ಚ್ ಕೊನೆಯಲ್ಲಿ ಇಲ್ಲಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕಾಣಿಸಿಕೊಂಡ ಸೋಂಕು ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಹರಡಿದಾಗ, ಊರಿನ ಹೆಸರು ಹೇಳಿದರೇ ಜನರು ದೂರ ಸರಿಯುತ್ತಿದ್ದರು. ಮರುವರ್ಷ ತಂದೆಯ ಮೃತದೇಹ ಆಸ್ಪತ್ರೆಯಿಂದ ಬಂದಾಗ ಸ್ವಂತ ಸಂಬಂಧಿಕರೇ ಬೀದಿಯ ತುದಿಯಲ್ಲಿ ನಿಂತುಬಿಟ್ಟರು. ಮುಂದೆ ಬಂದವರು ಜಮಾಅತ್‌ನ ಐವರು ಹುಡುಗರು. ರಕ್ಷಣಾ ಉಡುಪು ಧರಿಸಿ ಖಬರ್ ತೋಡಿದರು, ಜನಾಝಾ ನಮಾಝ್‌ಗೆ ಸಾಲು ನಿಂತರು, ಮಣ್ಣು ಮಾಡಿದರು. ಒಂದು ರೂಪಾಯಿ ಪಡೆಯಲಿಲ್ಲ. ಅವರಲ್ಲಿ ಇಬ್ಬರಿಗೆ ಆತನ ಪರಿಚಯವೂ ಇರಲಿಲ್ಲ.

ಸಂಘಟಿತ ಧರ್ಮದಿಂದ ಮನುಷ್ಯನಿಗೆ ಏನು ಪ್ರಯೋಜನ ಎಂದು ಕೇಳುವವರಿಗೆ ಕೊಡಲು ನನ್ನ ಬಳಿ ಇದಕ್ಕಿಂತ ದೊಡ್ಡ ಉತ್ತರವಿಲ್ಲ. ಆದರೆ ಇಂದು ನಾನು ಲೇಖನಿ ಎತ್ತಿರುವುದು ಆ ಉತ್ತರವನ್ನು ಕೊಟ್ಟು ಹೆಮ್ಮೆಪಡುವುದಕ್ಕಲ್ಲ. ಖಬರ್ ತೋಡಿದ ಅದೇ ಜಮಾಅತ್ ಈಗ ಆತನಿಗೆ ನಿಕಾಹ್‌ನ ಪತ್ರ ಕೊಡಲು ನಿರಾಕರಿಸಿದೆ.

ಸಂಗತಿ ಇಷ್ಟೇ. ಎರಡು ವರ್ಷಗಳ ಹಿಂದೆ ಒಂದು ಶುಕ್ರವಾರ, ಜುಮುಅದ ನಂತರದ ಸಭೆಯಲ್ಲಿ, ವಿಪತ್ತುಗಳೆಲ್ಲ ನಮ್ಮ ಪಾಪಗಳ ಫಲವೆಂದು ಖತೀಬರು ಹೇಳಿದರು. ಈತ ಎದ್ದು ನಿಂತ. ‘ನಮ್ಮ ಅಬ್ಬಾ ಒಂದು ಹೊತ್ತಿನ ನಮಾಝ್ ಬಿಟ್ಟವರಲ್ಲ. ಅವರನ್ನು ಕೊರೋನಾ ಕೊಂಡುಹೋಯಿತು. ಅದು ಯಾರ ಪಾಪದ ಫಲ ಹಝರತ್?’ ಎಂದು ಕೇಳಿದ. ಖತೀಬರು ಅಸ್ತಗ್‌ಫಿರುಲ್ಲಾಹ್ ಎಂದರು. ಸಮಿತಿಯ ಹಿರಿಯರೊಬ್ಬರು ಗದರಿ ಕುಳ್ಳಿರಿಸಿದರು. ಮರುದಿನ ಈತ ಮೊಹಲ್ಲಾದ ವಾಟ್ಸ್‌ಆ್ಯಪ್ ಬಳಗದಲ್ಲಿ ತನ್ನ ಸಂದೇಹಗಳನ್ನು ಬರೆದ. ಕೆಲವು ಮಾತುಗಳು ಒರಟಾಗಿದ್ದುವು, ನಾನೂ ಓದಿದ್ದೇನೆ. ಸಂಜೆಯೊಳಗೆ ಬಳಗದಿಂದ ಹೊರಹಾಕಲಾಯಿತು. ಯಾರೋ ‘ಮುರ್ತದ್’ ಎಂದರು. ಆ ಪದ ಬೀದಿಯಲ್ಲಿ ಉಳಿದುಬಿಟ್ಟಿತು.

ಈಗ ಟಿ. ನರಸೀಪುರದ ಒಂದು ಕುಟುಂಬದಲ್ಲಿ ಆತನಿಗೆ ಸಂಬಂಧ ಕುದುರಿದೆ. ಹುಡುಗಿಯ ಕಡೆಯ ಜಮಾಅತ್ ವಾಡಿಕೆಯಂತೆ ಹುಡುಗನ ಜಮಾಅತ್‌ನ ಪತ್ರ ಕೇಳಿದೆ. ಇಲ್ಲಿನ ಸಮಿತಿ ಎರಡು ಶರತ್ತು ಹಾಕಿದೆ. ಎರಡು ವರ್ಷದ ಬಾಕಿ ಚಂದಾ ಕಟ್ಟಬೇಕು. ಜುಮುಅದ ನಂತರ ಎಲ್ಲರೆದುರು ನಿಂತು ತೌಬಾ ಮಾಡಬೇಕು. ಚಂದಾ ಕಟ್ಟಲು ಆತ ಸಿದ್ಧ. ಎರಡನೆಯದಕ್ಕೆ ಒಪ್ಪಲೊಲ್ಲ. ‘ನಾನು ಕೇಳಿದ ಪ್ರಶ್ನೆಗೆ ಉತ್ತರ ಕೊಡದೆ, ಕೇಳಿದ್ದಕ್ಕೆ ಕ್ಷಮೆ ಕೇಳು ಅಂದರೆ ಹೇಗೆ?’ ಎನ್ನುತ್ತಾನೆ. (ಎರಡೂ ಪಟ್ಟಣಗಳಲ್ಲಿ ಜಮಾಅತ್‌ಗಳು ಹಲವಿವೆ. ಯಾವುದೆಂದು ನಾನು ಹೇಳುವುದಿಲ್ಲ, ದಯವಿಟ್ಟು ಊಹಿಸಲು ಹೋಗಬೇಡಿ. ನಿಮ್ಮದೇ ಇರಬಹುದೆಂದು ತಿಳಿದು ಓದಿದರೆ ಸಾಕು.)

ಆ ಪತ್ರದ ಬಗ್ಗೆ ಅನ್ಯಾಯವಾಗಿ ಮಾತನಾಡಲಾರೆ. ಎಲ್ಲೋ ಹೆಂಡತಿ ಮಕ್ಕಳಿರುವವನು ಇನ್ನೊಂದು ಊರಿಗೆ ಬಂದು ಅವಿವಾಹಿತನೆಂದು ನಂಬಿಸಿ ಬಡವರ ಹುಡುಗಿಯನ್ನು ಕಟ್ಟಿಕೊಂಡು ಹೋಗುವುದನ್ನು ಈ ಒಂದು ಹಾಳೆ ತಡೆದಿದೆ. ತಂದೆಯಿಲ್ಲದ ಎಷ್ಟೋ ಹೆಣ್ಣುಮಕ್ಕಳಿಗೆ ಅದು ಕಾವಲು. ಆದರೆ ಫಿಕ್ಹ್‌ನ ಯಾವ ಗ್ರಂಥದಲ್ಲೂ ಅದು ನಿಕಾಹ್‌ನ ಶರತ್ತಲ್ಲ. ವಧೂವರರ ಸಮ್ಮತಿ, ಸಾಕ್ಷಿಗಳು, ಮಹ್ರ್, ಹುಡುಗಿಯ ಕಡೆಯ ವಲಿ, ಇವುಗಳ ಬಗ್ಗೆ ಮದ್ರಸದಲ್ಲಿ ನಾವು ತಿಂಗಳುಗಟ್ಟಲೆ ಓದಿದ್ದೇವೆ. ಸಮಿತಿಯ ಮುದ್ರೆಯ ಬಗ್ಗೆ ಓದಿಲ್ಲ. ಹುಡುಗ ಅವಿವಾಹಿತನೇ, ನಡತೆ ಹೇಗಿದೆ ಎಂದು ತಿಳಿಸಲು ಇರುವ ಹಾಳೆ ಅದು. ಅದನ್ನು ಹೃದಯದ ಪರೀಕ್ಷೆಗೆ ಬಳಸುವ ಅಧಿಕಾರವನ್ನು ಸಮಿತಿಗೆ ಕೊಟ್ಟವರು ಯಾರು?

ಅಷ್ಟಕ್ಕೂ, ಸಂದೇಹ ಎಂಬುದು ಅಪರಾಧವೇ?

ಪ್ರವಾದಿ ಇಬ್ರಾಹೀಮ್(ಅ)ರು, ಸತ್ತವರನ್ನು ಹೇಗೆ ಜೀವಂತಗೊಳಿಸುವೆ ಎಂಬುದನ್ನು ತನಗೆ ತೋರಿಸೆಂದು ಅಲ್ಲಾಹನೊಡನೆಯೇ ಕೇಳಿಕೊಂಡ ಪ್ರಸಂಗ ಅಲ್‌ಬಕರ ಅಧ್ಯಾಯದಲ್ಲಿದೆ. ವಿಶ್ವಾಸವಿಲ್ಲದೆ ಕೇಳಿದ್ದಲ್ಲ, ಮನಸ್ಸಿನ ಸಮಾಧಾನಕ್ಕಾಗಿ ಕೇಳಿದ್ದು. ಅಲ್ಲಾಹನು ಗದರಲಿಲ್ಲ. ನಾಲ್ಕು ಹಕ್ಕಿಗಳನ್ನು ತರಲು ಹೇಳಿ ತೋರಿಸಿಕೊಟ್ಟನು. ಇನ್ನೊಮ್ಮೆ ಕೆಲವು ಸಹಾಬಿಗಳು ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದು, ಬಾಯಿಬಿಟ್ಟು ಹೇಳಲೂ ಹೆದರಿಕೆಯಾಗುವಂಥ ಆಲೋಚನೆಗಳು ತಮ್ಮ ಮನಸ್ಸಿಗೆ ಬರುತ್ತವೆಂದು ಅಳಲು ತೋಡಿಕೊಂಡರು. ಹಾಗೆ ಹೆದರಿಕೆಯಾಗುವುದೇ ಈಮಾನ್‌ನ ಸ್ಪಷ್ಟ ಲಕ್ಷಣವೆಂದು ಅವರು ಸಾಂತ್ವನ ಹೇಳಿ ಕಳುಹಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ಓದದ ಆಲಿಮರಿಲ್ಲ. ವ್ಯಭಿಚಾರಕ್ಕೆ ಅನುಮತಿ ಕೇಳಿಕೊಂಡು ಓರ್ವ ಯುವಕ ಬಂದಾಗ ಸುತ್ತಲಿದ್ದವರು ಆತನ ಮೇಲೆ ಹರಿಹಾಯ್ದರು. ಪ್ರವಾದಿ(ಸ)ರು ಮಾತ್ರ ಆತನನ್ನು ಹತ್ತಿರಕ್ಕೆ ಕರೆದು ಕುಳ್ಳಿರಿಸಿದರು. ನಿನ್ನ ತಾಯಿಗೆ, ನಿನ್ನ ಸಹೋದರಿಗೆ ಯಾರಾದರೂ ಹಾಗೆ ಮಾಡುವುದನ್ನು ಒಪ್ಪುವೆಯಾ ಎಂದು ಒಂದೊಂದಾಗಿ ಪ್ರಶ್ನಿಸಿದರು. ಎದೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದರು. ನಮ್ಮ ಯುವಕ ಕೇಳಿದ್ದು ಪಾಪಕ್ಕೆ ಅನುಮತಿಯನ್ನಲ್ಲ. ಸತ್ತ ತಂದೆಯ ಪರವಾಗಿ ಒಂದು ಪ್ರಶ್ನೆಯನ್ನು.

ಆ ಪ್ರಶ್ನೆಗೆ ಉತ್ತರವೂ ಇತ್ತು. ಸಾಂಕ್ರಾಮಿಕ ರೋಗದಿಂದ ಮರಣ ಹೊಂದಿದ ವಿಶ್ವಾಸಿಗೆ ಶಹೀದರ ಸ್ಥಾನವಿದೆ ಎಂಬ ಹದೀಸ್ ಬುಖಾರಿಯಲ್ಲಿದೆ. ವಿಪತ್ತು ಕೆಲವರಿಗೆ ಶಿಕ್ಷೆಯಾಗಿರಬಹುದು, ಕೆಲವರಿಗೆ ಪರೀಕ್ಷೆ, ಕೆಲವರಿಗೆ ಪದವಿ. ‘ಮಗನೇ, ನಿನ್ನ ಅಬ್ಬಾನನ್ನು ನಾವು ಪಾಪಿ ಎನ್ನಲಿಲ್ಲ, ನನ್ನ ಮಾತು ಅರ್ಧವಾಯಿತು’ ಎಂದು ಖತೀಬರು ಒಂದು ನಿಮಿಷ ಹೇಳಿದ್ದರೆ ಆತ ಅಂದು ಅಳುತ್ತಾ ಮನೆಗೆ ಹೋಗುತ್ತಿದ್ದ, ಮುಂದಿನ ಶುಕ್ರವಾರ ಮತ್ತೆ ಬರುತ್ತಿದ್ದ. ನಮ್ಮ ಮಸೀದಿಗಳಿಂದ ಯುವಕರನ್ನು ನಾಸ್ತಿಕರು ಕದ್ದೊಯ್ಯುತ್ತಿದ್ದಾರೆಂಬ ದೂರು ಆಗಾಗ ಕೇಳುತ್ತೇನೆ. ಬಾಗಿಲಿನವರೆಗೆ ದೂಡಿಕೊಂಡು ಹೋದವರು ಯಾರೆಂಬುದನ್ನು ದೂರುವವರು ಹೇಳುವುದಿಲ್ಲ.

ನನ್ನ ಮಾತನ್ನೂ ಹೇಳಿಬಿಡುವೆ. ಮದ್ರಸದಲ್ಲಿ ಆರನೆಯ ವರ್ಷದಲ್ಲಿದ್ದಾಗ ಕೆಲವು ತಿಂಗಳು ನಾನು ಸಂದೇಹದಿಂದ ನರಳಿದ್ದೆ. ಸುಜೂದ್‌ನಲ್ಲಿ ಹಣೆಯಿಟ್ಟಾಗ, ಕೇಳುವವನು ಯಾರಾದರೂ ಇದ್ದಾನೆಯೇ ಎಂಬ ಪ್ರಶ್ನೆ ಬರುತ್ತಿತ್ತು. ಒಬ್ಬ ಉಸ್ತಾದರಿಗೆ ಹೇಳಿದೆ. ಶೈತಾನನ ಕೆಲಸವೆಂದು ನೂರು ಬಾರಿ ಇಸ್ತಿಗ್‌ಫಾರ್ ಹೇಳಿಸಿದರು. ಇನ್ನೊಬ್ಬ ಉಸ್ತಾದರಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನನಗೂ ಬಂದಿತ್ತು ಬೇಟಾ’ ಎಂದರು. ಅಷ್ಟೇ. ಇಂದು ನಾನು ಈ ಪುಟದಲ್ಲಿ ವಿಶ್ವಾಸಿಯಾಗಿ ಬರೆಯುತ್ತಿದ್ದರೆ ಅದಕ್ಕೆ ಆ ಎರಡನೆಯವರು ಕಾರಣ. ಇಮಾಮ್ ಗಝಾಲಿಯವರು ಸ್ವತಃ ಇಂಥ ಸಂದೇಹವನ್ನು ದಾಟಿ ಬಂದವರೆಂದೂ, 1095ರಲ್ಲಿ ಬಗ್ದಾದಿನ ನಿಝಾಮಿಯ್ಯಾದ ಪ್ರತಿಷ್ಠಿತ ಹುದ್ದೆಯನ್ನು ತೊರೆದು ಹೊರಟುಹೋದವರೆಂದೂ, ಅದನ್ನು ತಾವೇ ಪುಸ್ತಕವಾಗಿ ಬರೆದಿದ್ದಾರೆಂದೂ ನನಗೆ ತಿಳಿದದ್ದು ಮದ್ರಸದಲ್ಲಲ್ಲ, ಆಮೇಲೆ ಬಿ.ಎ. ತರಗತಿಯ ತತ್ತ್ವಶಾಸ್ತ್ರದ ಪಾಠದಲ್ಲಿ. ಆರು ವರ್ಷ ಗಝಾಲಿಯವರ ಹೆಸರನ್ನು ಗೌರವದಿಂದ ಉಚ್ಚರಿಸಿದ್ದೆವು. ಅವರ ನೋವನ್ನು ಮಾತ್ರ ನಮ್ಮಿಂದ ಅಡಗಿಸಿಡಲಾಗಿತ್ತು.

ನಂಜನಗೂಡಿನವರಿಗೆ ಒಂದು ಐತಿಹ್ಯ ಗೊತ್ತು. ತನ್ನ ಆನೆಯ ಕಣ್ಣು ಇಲ್ಲಿ ಗುಣವಾಯಿತೆಂದು ಟಿಪ್ಪು ಸುಲ್ತಾನ್ ಇಲ್ಲಿನ ದೇವರನ್ನು ‘ಹಕೀಮ್ ನಂಜುಂಡ’ ಎಂದು ಕರೆದನಂತೆ. ಪಚ್ಚೆಯ ಲಿಂಗವನ್ನೂ ಕೊಟ್ಟನೆಂದು ಹೇಳುತ್ತಾರೆ. ಆ ವಿಶ್ವಾಸ ನಮ್ಮದಲ್ಲ. ಆದರೆ ಹಕೀಮನೆಂದರೆ ಯಾರೆಂಬುದು ಈ ಊರಿಗೆ ಗೊತ್ತಿರಬೇಕು. ಸಂದೇಹವನ್ನು ರೋಗವೆಂದೇ ಇಟ್ಟುಕೊಳ್ಳೋಣ. ರೋಗಿಯನ್ನು ಊರಿನಿಂದ ಓಡಿಸುವವನನ್ನು ಯಾರೂ ಹಕೀಮನೆನ್ನುವುದಿಲ್ಲ.

ಹೊರಗಟ್ಟುವುದರಿಂದ ಏನಾಗುತ್ತದೆಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಸಮೀಕ್ಷೆ ಆರಂಭವಾದ ಅದೇ ದಿನ, ಸೆಪ್ಟೆಂಬರ್ 22ರಂದು, ಚಾಮುಂಡಿ ಬೆಟ್ಟದಲ್ಲಿ ಮೈಸೂರು ದಸರಾವನ್ನು ಉದ್ಘಾಟಿಸಿದವರು ಬಾನು ಮುಷ್ತಾಕ್. ಅವರು ಮುಸ್ಲಿಮರೆಂಬ ಕಾರಣಕ್ಕೆ ಅದನ್ನು ತಡೆಯಬೇಕೆಂದು ಹೈಕೋರ್ಟಿಗೂ ಸುಪ್ರೀಮ್ ಕೋರ್ಟಿಗೂ ಹೋದವರಿದ್ದರು; ಎರಡೂ ಕಡೆ ಅರ್ಜಿಗಳು ವಜಾಗೊಂಡವು. ನಮ್ಮವರಲ್ಲೂ ಕೆಲವರು ಮೂಗು ಮುರಿದರು. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಅವರ ಕಥೆಗಳಿಗೆ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ‘ನಮ್ಮ ಬಾನು’ ಎಂದು ಹಾರ ಹಿಡಿದು ನಿಂತ ಸಮುದಾಯ, 2000ದಲ್ಲಿ ಏನು ಮಾಡಿತ್ತೆಂಬುದನ್ನು ಮರೆಯಬಾರದು. ಮುಸ್ಲಿಮ್ ಮಹಿಳೆಯರಿಗೆ ಮಸೀದಿ ಪ್ರವೇಶದ ಹಕ್ಕಿದೆ ಎಂದುದಕ್ಕೆ ಹಾಸನದಲ್ಲಿ ಅವರ ಕುಟುಂಬಕ್ಕೆ ಮೂರು ತಿಂಗಳು ಸಾಮಾಜಿಕ ಬಹಿಷ್ಕಾರ ಹಾಕಲಾಯಿತು. ಚಾಕು ಹಿಡಿದು ಬಂದವನೂ ಇದ್ದ.

ಆ ಮೇಲೆ ಏನಾಯಿತು? ಮಹಿಳೆಯರ ಮಸೀದಿ ಪ್ರವೇಶದ ಪ್ರಕರಣ ಸುಪ್ರೀಮ್ ಕೋರ್ಟಿಗೆ ಬಂದಾಗ ಅಖಿಲ ಭಾರತ ಮುಸ್ಲಿಮ್ ವೈಯಕ್ತಿಕ ಕಾನೂನು ಮಂಡಳಿ 2020ರಲ್ಲಿ, ಮತ್ತೆ 2023ರಲ್ಲಿ, ಇಸ್ಲಾಮ್ ಅದಕ್ಕೆ ಅನುಮತಿಸುತ್ತದೆಂದು ಪ್ರಮಾಣಪತ್ರ ಸಲ್ಲಿಸಿತು. ಅಂದರೆ ಯಾವ ಮಾತಿಗಾಗಿ ಓರ್ವ ಮಹಿಳೆಯನ್ನು ಶಿಕ್ಷಿಸಲಾಯಿತೋ ಅದೇ ಮಾತನ್ನು ಸಮುದಾಯದ ಅತ್ಯುನ್ನತ ವೇದಿಕೆ ಎರಡು ದಶಕಗಳ ನಂತರ ನ್ಯಾಯಾಲಯದಲ್ಲಿ ಹೇಳಿತು. ಅಲ್ಲಾಹನ ದಾಸಿಯರನ್ನು ಅವನ ಮಸೀದಿಗಳಿಂದ ತಡೆಯಬೇಡಿರೆಂಬ ಪ್ರವಾದಿ ವಚನವಂತೂ ಹದಿನಾಲ್ಕು ಶತಮಾನಗಳಿಂದ ಇದ್ದೇ ಇತ್ತು. ಆ ಮೂರು ತಿಂಗಳುಗಳಿಗೆ ಕ್ಷಮೆ ಕೇಳಿದವರು ಯಾರು? ತೌಬಾ ಮಾಡಬೇಕಾದವರು ಯಾವಾಗಲೂ ಪ್ರಶ್ನೆ ಕೇಳಿದವರೇ ಏಕೆ?

ಅವರ ‘ಕರಿ ನಾಗರಗಳು’ ಕಥೆಯನ್ನು ಗಿರೀಶ್ ಕಾಸರವಳ್ಳಿಯವರು 2004ರಲ್ಲಿ ‘ಹಸೀನಾ’ ಎಂಬ ಚಲನಚಿತ್ರ ಮಾಡಿದರು. ಗಂಡ ಕೈಬಿಟ್ಟ ಹೆಣ್ಣೊಬ್ಬಳು ನ್ಯಾಯ ಕೇಳಿ ಮಸೀದಿಯ ಅಂಗಳದಲ್ಲಿ ಕೂರುತ್ತಾಳೆ, ಮುತವಲ್ಲಿ ತಿರುಗಿ ನೋಡುವುದಿಲ್ಲ. ಇದು ಧರ್ಮವಿರೋಧಿ ಕಥೆಯೆಂದು ನನ್ನೊಡನೆ ವಾದಿಸಿದವರಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ಆಕೆ ಪೊಲೀಸ್ ಠಾಣೆಯ ಮುಂದೆ ಕೂರಲಿಲ್ಲ, ಮಸೀದಿಯ ಮುಂದೆ ಕುಳಿತಳು. ಇಲ್ಲಿ ನ್ಯಾಯವಿದೆ ಎಂದು ನಂಬಿದವಳು ಆ ಇಡೀ ಕಥೆಯಲ್ಲಿ ಆಕೆಯೇ. ಮುತವಲ್ಲಿಗೆ ಆ ನಂಬಿಕೆ ಇರಲಿಲ್ಲ.

ಇನ್ನೊಂದು ಘಟನೆಯನ್ನು ಬರೆಯಲು ನನಗೆ ಕಷ್ಟವಾಗುತ್ತದೆ. ನಂಜನಗೂಡಿನಿಂದ ಚಾಮರಾಜನಗರ ದಾಟಿ ದಿಂಬಂ ಘಾಟಿ ಇಳಿದರೆ ಸತ್ಯಮಂಗಲ, ಅಲ್ಲಿಂದ ಕೊಯಮತ್ತೂರು. 2017ರ ಮಾರ್ಚ್ 16ರ ರಾತ್ರಿ ಅಲ್ಲಿ ಫಾರೂಕ್ ಎಂಬ 31ರ ಯುವಕನನ್ನು ಕೊಲೆ ಮಾಡಲಾಯಿತು. ಆತ ದ್ರಾವಿಡರ್ ವಿಡುದಲೈ ಕಳಗಂನ ಕಾರ್ಯಕರ್ತ, ಬಹಿರಂಗವಾಗಿ ನಾಸ್ತಿಕ. ಅದಕ್ಕಾಗಿಯೇ ಕೊಲೆ ನಡೆಯಿತೆಂದು ಬಂಧಿತರ ಮೇಲಿದ್ದ ಆರೋಪ; ಬಂಧಿತರು ನಮ್ಮದೇ ಸಮುದಾಯದವರು. ಆತನ ತಂದೆ ವಿಶ್ವಾಸಿ. ಮಗನ ವಿಚಾರಗಳು ಅವರವಾಗಿರಲಿಲ್ಲ. ಕೊಲೆಯ ಬಳಿಕ ಅವರು, ಇದಕ್ಕಾಗಿ ಮಗನನ್ನು ಕೊಂದಿದ್ದರೆ ತಾನೂ ಮಗನ ಸಂಘಟನೆಯನ್ನೇ ಸೇರುವೆನೆಂದು ಘೋಷಿಸಿದರು. ಧರ್ಮರಕ್ಷಣೆಯ ಹೆಸರಲ್ಲಿ ಎತ್ತಿದ ಕತ್ತಿ, ಧರ್ಮದಲ್ಲಿದ್ದ ಒಬ್ಬ ತಂದೆಯನ್ನೂ ಹೊರಗೆ ಕಳುಹಿಸಿತು. ಜೀವಹಾನಿಗೂ ನಿಕಾಹ್ ಪತ್ರಕ್ಕೂ ಹೋಲಿಕೆಯೇ ಎಂದು ನೀವು ಕೇಳಬಹುದು. ಹೋಲಿಕೆಯಿಲ್ಲ, ಒಪ್ಪುವೆ. ಆದರೆ ‘ಮುರ್ತದ್’ ಎಂಬ ಪದವನ್ನು ಬೀದಿಯಲ್ಲಿ ಹರಿಯಬಿಡುವವರಿಗೆ, ಅದು ಯಾರ ಕಿವಿಗೆ ಬಿದ್ದು ಎಲ್ಲಿಗೆ ಹೋಗಿ ಮುಟ್ಟುತ್ತದೆಂಬುದರ ಮೇಲೆ ಯಾವ ಹಿಡಿತವೂ ಇರುವುದಿಲ್ಲ.

ಇಷ್ಟು ಓದಿ ತಲೆದೂಗುತ್ತಿರುವ ಇನ್ನೊಂದು ವರ್ಗವಿದೆ. ಬೆಂಗಳೂರಿನಲ್ಲಿ ಒಳ್ಳೆಯ ಉದ್ಯೋಗ, ಈದ್‌ಗೆ ಮಾತ್ರ ಊರಿಗೆ ಬರುವುದು. ‘ಅದಕ್ಕೇ ನಾವು ಹೇಳೋದು ಮೌಲಾನಾ, ದೇವರು ಮನಸ್ಸಿನಲ್ಲಿದ್ದರೆ ಸಾಕು, ಈ ಜಮಾಅತ್, ಸಮಿತಿ, ಚಂದಾ ಎಲ್ಲ ಯಾಕೆ?’ ಎನ್ನುವವರು. ಅವರೊಡನೆಯೂ ನನಗೆ ಜಗಳವಿದೆ.

2020ರಲ್ಲಿ ಲಾಕ್‌ಡೌನ್‌ನಿಂದ ಜೂನ್ 8ರವರೆಗೆ ಮಸೀದಿಗಳು ಸಾರ್ವಜನಿಕರಿಗೆ ಮುಚ್ಚಿದ್ದುವು. ರಮಝಾನ್ ತಿಂಗಳು ಪೂರ್ತಿ ಮನೆಯೊಳಗೆ ಕಳೆಯಿತು. ನಮಾಝ್ ನಿಲ್ಲಲಿಲ್ಲ, ಉಪವಾಸ ನಿಲ್ಲಲಿಲ್ಲ. ಹಾಗಾದರೆ ಏನು ನಿಂತಿತು? ಇಫ್ತಾರ್‌ಗೆ ಮಸೀದಿಗೆ ಬರುತ್ತಿದ್ದ ಒಂಟಿ ಮುದುಕರು ಎಲ್ಲಿ ಉಣ್ಣುತ್ತಿದ್ದಾರೆಂಬುದು ಯಾರಿಗೂ ತಿಳಿಯಲಿಲ್ಲ. ಪಕ್ಕದಲ್ಲಿ ನಿಲ್ಲುತ್ತಿದ್ದವನು ನಾಲ್ಕು ದಿನ ಕಾಣದಿದ್ದರೆ ಮನೆಗೆ ಹೋಗಿ ವಿಚಾರಿಸುವ ರೂಢಿ ತಪ್ಪಿತು. ಮನಸ್ಸಿನಲ್ಲಿರುವ ದೇವರು ನಿಮ್ಮ ಮನಸ್ಸಿಗೆ ಸಾಕಾಗಬಹುದು. ಪಕ್ಕದ ಮನೆಯ ವಿಧವೆಗೆ ಅಕ್ಕಿ ಮುಟ್ಟಬೇಕಾದರೆ ಪಟ್ಟಿ ಬರೆಯುವವನೊಬ್ಬ, ಝಕಾತ್ ಸಂಗ್ರಹಿಸುವವನೊಬ್ಬ, ಹೊತ್ತು ಕೊಡುವವನೊಬ್ಬ ಬೇಕು. ಅದಕ್ಕೇ ಸಂಘಟನೆ ಎನ್ನುತ್ತಾರೆ.

ಇನ್ನೂ ಒಂದು ಮಾತು. ಅದೇ 2020ರ ಮಾರ್ಚ್-ಏಪ್ರಿಲ್‌ನಲ್ಲಿ ದಿಲ್ಲಿಯ ನಿಝಾಮುದ್ದೀನ್ ಮರ್ಕಝ್‌ನ ನೆಪದಲ್ಲಿ ಟಿವಿ ವಾಹಿನಿಗಳು ಇಡೀ ಸಮುದಾಯವನ್ನು ಸೋಂಕಿನ ಮೂಲವೆಂದು ಬಿಂಬಿಸಿದಾಗ, ತರಕಾರಿ ಗಾಡಿಯವನ ಹೆಸರು ಕೇಳಿ ವಾಪಸು ಕಳುಹಿಸಿದವರು ಆತ ನಮಾಝ್ ಮಾಡುತ್ತಾನೋ ಇಲ್ಲವೋ ಎಂದು ವಿಚಾರಿಸಲಿಲ್ಲ. ಬಾಡಿಗೆ ಮನೆ ನಿರಾಕರಿಸುವ ಮಾಲಿಕ ನಿಮ್ಮ ಈಮಾನ್‌ನ ಪ್ರಮಾಣ ಅಳೆಯುವುದಿಲ್ಲ. ಸಂದೇಹಿಯೂ ಅವರ ಲೆಕ್ಕದಲ್ಲಿ ಮುಸ್ಲಿಮನೇ. ಹೊರಗಿನವರು ಹೆಸರು ನೋಡಿ ತಳ್ಳುವ, ಒಳಗಿನವರು ಪ್ರಶ್ನೆ ಕೇಳಿದನೆಂದು ತಳ್ಳುವ ಇಂಥ ಯುವಕ ಎಲ್ಲಿಗೆ ಹೋಗಬೇಕು?

ಸೇರಿರುವುದರ ಬೆಲೆ ಗೊತ್ತಿರುವುದು ಅದನ್ನು ನಿರಾಕರಿಸಲ್ಪಟ್ಟವರಿಗೆ. ನಂಜನಗೂಡು ತಾಲ್ಲೂಕಿನ ಬದನವಾಳುವಿನಲ್ಲಿ ದೇವಸ್ಥಾನ ಪ್ರವೇಶದ ವಿಚಾರವಾಗಿ ಉಂಟಾದ ವೈಷಮ್ಯದಲ್ಲಿ 1993ರ ಮಾರ್ಚ್‌ನಲ್ಲಿ ಮೂವರು ದಲಿತರ ಕೊಲೆಯಾಯಿತು. ಈ ಎರಡು ತಾಲ್ಲೂಕುಗಳ ದಲಿತ ಕೇರಿಗಳಲ್ಲಿ ಅಂಬೇಡ್ಕರರ ಚಿತ್ರವಿಲ್ಲದ ಮನೆ ಕಡಿಮೆ. ಹಿಂದೂವಾಗಿ ಸಾಯಲಾರೆನೆಂದು 1935ರಲ್ಲಿ ಯೇವಲಾದಲ್ಲಿ ಘೋಷಿಸಿದ ಅವರು ಅಲ್ಲಿಂದ ಇಪ್ಪತ್ತೊಂದು ವರ್ಷ ಧರ್ಮಗಳನ್ನು ತೂಗಿ ನೋಡಿದರು. ಅವರಂಥ ವಿಚಾರವಾದಿ ಯಾವ ಧರ್ಮವೂ ಬೇಡವೆಂದು ಸುಲಭವಾಗಿ ಕುಳಿತುಬಿಡಬಹುದಿತ್ತು. ಬದಲಿಗೆ 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬುದ್ಧ, ಧಮ್ಮ, ಸಂಘಕ್ಕೆ ಶರಣಾದರು. ಸಂಘಕ್ಕೂ ಎಂಬುದನ್ನು ಗಮನಿಸಿ. ಇದೇ ತಾಲ್ಲೂಕಿನ ಸುತ್ತೂರಿನ ಮಠ 1954ರಲ್ಲಿ ವಿದ್ಯಾಪೀಠವೊಂದನ್ನು ಕಟ್ಟಿತು. ಬಡಮಕ್ಕಳ ಶಾಲೆ, ಹಾಸ್ಟೆಲ್‌ಗಳಿಂದ ಹಿಡಿದು ವೈದ್ಯಕೀಯ ಕಾಲೇಜಿನವರೆಗೆ ಅದು ಬೆಳೆದಿದೆ. ನಮ್ಮ ಹುಡುಗರೂ ಅಲ್ಲಿ ಓದಿದ್ದಾರೆ. ಸಂಘಟಿತ ಧರ್ಮ ಕೈಯಲ್ಲಿದ್ದರೆ ಏನು ಮಾಡಬಹುದೆಂದು ಕೇಳುವವರು ದೂರ ಹೋಗಬೇಕಿಲ್ಲ. ನಮ್ಮ ಸಮಿತಿಗಳು ಈ ಅವಧಿಯಲ್ಲಿ ಏನು ಕಟ್ಟಿದವೆಂದು ಪಟ್ಟಿ ಮಾಡಿದರೆ ಮಿನಾರದ ಎತ್ತರ, ಮಾರ್ಬಲ್, ಅಂಗಡಿ ಮಳಿಗೆಗಳೇ ಹೆಚ್ಚು ಕಾಣುತ್ತವೆ.

ಮತ್ತೆ ಆ ಪತ್ರಕ್ಕೆ ಬರೋಣ. ಸಮಿತಿಯ ಹಿರಿಯರನ್ನು ಭೇಟಿಯಾಗಿ ಮಾತನಾಡಿದೆ. ಅವರು ಕೆಟ್ಟವರಲ್ಲ. 2021ರಲ್ಲಿ ಆ ಐವರು ಹುಡುಗರಿಗೆ ರಕ್ಷಣಾ ಉಡುಪು ಕೊಳ್ಳಲು ಹಣ ಕೊಟ್ಟವರೂ ಅವರೇ. ‘ಇಂದು ಇವನನ್ನು ಬಿಟ್ಟರೆ ನಾಳೆ ಹತ್ತು ಜನ ಎದ್ದು ನಿಲ್ಲುತ್ತಾರೆ, ಶಿಸ್ತು ಬೇಡವೇ?’ ಎಂಬುದು ಅವರ ವಾದ. ಚಂದಾದ ವಿಷಯ ಬಂದಾಗ ಒಂದು ಹದೀಸನ್ನೂ ಉಲ್ಲೇಖಿಸಿದರು. ಸಾಲವಿದ್ದವನ ಜನಾಝಾ ನಮಾಝನ್ನು ಪ್ರವಾದಿ(ಸ)ರು ನಿರ್ವಹಿಸಲಿಲ್ಲವೆಂದು. ನಿಜ. ಆದರೆ ಹದೀಸ್ ಅಲ್ಲಿಗೆ ಮುಗಿಯುವುದಿಲ್ಲ. ಅವರು ದಫನವನ್ನು ತಡೆಯಲಿಲ್ಲ. ನಿಮ್ಮ ಸಂಗಾತಿಗೆ ನೀವು ನಮಾಝ್ ಮಾಡಿರೆಂದು ಸಹಾಬಿಗಳಿಗೆ ಹೇಳಿದರು. ಅಬೂ ಕತಾದ(ರ)ರು ಸಾಲ ತಾನು ತೀರಿಸುವೆನೆಂದಾಗ ಸ್ವತಃ ಮುಂದೆ ನಿಂತರು. ಖಜಾನೆಗೆ ಸಂಪತ್ತು ಬಂದ ಮೇಲೆ, ತೀರಿಸಲಾಗದೆ ಸತ್ತವರ ಸಾಲ ತನ್ನ ಮೇಲಿರಲಿ ಎಂದರು. ಸಾಲಗಾರನ ಹೊರೆಯನ್ನು ಸಮುದಾಯ ಹೊರುವ ದಾರಿ ತೋರಿಸಿದ ಹದೀಸನ್ನು, ಮಾಸಿಕ ಚಂದಾ ವಸೂಲಿಯ ನೋಟೀಸಾಗಿ ಓದುವುದು ಹೇಗೆ ಸರಿ?

ಶಿಸ್ತಿನ ಮಾತಿಗೂ ಉತ್ತರವಿದೆ. ಮದೀನಾದ ಮಸೀದಿಯಲ್ಲಿ ಕಪಟವಿಶ್ವಾಸಿಗಳು ಅದೇ ಸಾಲುಗಳಲ್ಲಿ ನಿಲ್ಲುತ್ತಿದ್ದರು. 2021ರ ನಮ್ಮ ಯುವಕನಂಥ ದುಃಖಿತ ಸಂದೇಹಿಗಳಲ್ಲ, ಒಳಗಿದ್ದು ಬುಡ ಕಡಿಯುತ್ತಿದ್ದವರು. ಅವರ ನಾಯಕ ಅಬ್ದುಲ್ಲಾ ಬಿನ್ ಉಬಯ್ಯ್ ಸತ್ತಾಗ ಪ್ರವಾದಿ(ಸ)ರು ಕಫನ್‌ಗೆಂದು ತಮ್ಮ ಅಂಗಿಯನ್ನೇ ಕೊಟ್ಟರು. ಅಂಥವರಿಗೆ ನಮಾಝ್ ಮಾಡಬಾರದೆಂಬ ಆಜ್ಞೆ ಬಂದುದು ಆ ಬಳಿಕ, ಅದೂ ಆಕಾಶದಿಂದ. ನಮ್ಮ ಸಮಿತಿಗಳಿಗೆ ವಹ್ಯ್ ಬರುವುದಿಲ್ಲ. ಯುದ್ಧದ ನಡುವೆ ಕಲಿಮಾ ಹೇಳಿದವನನ್ನು, ಪ್ರಾಣಭಯದಿಂದ ಹೇಳಿದ್ದೆಂದು ಕೊಂದ ಉಸಾಮಾ(ರ)ರನ್ನು ಪ್ರವಾದಿ(ಸ)ರು ಎಷ್ಟು ಕಠಿಣವಾಗಿ ತರಾಟೆಗೆ ತೆಗೆದುಕೊಂಡರೆಂಬುದನ್ನು ಹಿರಿಯರಿಗೆ ನೆನಪಿಸಿದೆ. ಸಮೀಕ್ಷೆಯ ಶಿಕ್ಷಕಿಯ ಮುಂದೆ ಯಾರ ಒತ್ತಾಯವೂ ಇಲ್ಲದೆ ಇಸ್ಲಾಮ್ ಎಂದು ಬರೆಸಿದವನು ಈತ. ಸರಕಾರದ ಕಾಗದದಲ್ಲಿ ಮುಸ್ಲಿಮ್, ಜಮಾಅತ್‌ನ ಕಾಗದದಲ್ಲಿ ಅಲ್ಲ!

ಜನಾಝಾ ಫರ್ಝ್ ಕಿಫಾಯ. ಯಾರೂ ನಿರ್ವಹಿಸದಿದ್ದರೆ ಇಡೀ ಊರಿಗೆ ಪಾಪ. ಅಂದರೆ ಅದು ಮೃತನಿಗೆ ಸಮಿತಿ ಮಾಡುವ ಉಪಕಾರವಲ್ಲ, ಸಮಿತಿ ತನ್ನ ಕತ್ತಿನ ಮೇಲಿನ ಸಾಲವನ್ನು ತೀರಿಸಿಕೊಳ್ಳುವುದು. ನಿಕಾಹ್‌ಗೆ ನೆರವಾಗುವುದೂ ಅಂಥದ್ದೇ. ಹಾಗಿರುವಾಗ ಅವುಗಳನ್ನು ಒತ್ತೆಯಾಗಿ ಹಿಡಿದುಕೊಳ್ಳುವುದನ್ನು ನಮ್ಮ ಜಮಾಅತ್‌ಗಳು ತಮ್ಮ ನಿಯಮಾವಳಿಯಿಂದಲೇ ತೆಗೆದುಹಾಕಬೇಕು. ಬಾಕಿ ಚಂದಾ ಬೇರೆ ಲೆಕ್ಕ, ಅದನ್ನು ಬೇರೆಯಾಗಿ ಕೇಳಲಿ. ಪತ್ರದಲ್ಲಿ ವಿವಾಹಿತನೋ ಅವಿವಾಹಿತನೋ, ನಡತೆ ಹೇಗೆ ಎಂಬುದಷ್ಟೇ ಇರಲಿ. ಬಹಿರಂಗ ತೌಬಾ ಎಂಬ ಪ್ರದರ್ಶನ ನಿಲ್ಲಲಿ. ತೌಬಾ ದಾಸನಿಗೂ ಅಲ್ಲಾಹನಿಗೂ ನಡುವಿನದು, ಅದಕ್ಕೆ ಮುತವಲ್ಲಿಯ ಸಾಕ್ಷಿ ಬೇಕಿಲ್ಲ. ಸಾಮಾಜಿಕ ಬಹಿಷ್ಕಾರವನ್ನು ಮಹಾರಾಷ್ಟ್ರ 2016ರಲ್ಲಿ ಪ್ರತ್ಯೇಕ ಕಾನೂನು ಮಾಡಿ ಅಪರಾಧವೆಂದು ಸಾರಿತು. ನಮ್ಮ ಮಸೀದಿಯೊಳಗಿನ ಅನ್ಯಾಯವನ್ನು ಪೊಲೀಸರು ಬಂದು ಸರಿಪಡಿಸುವ ದಿನಕ್ಕಾಗಿ ನಾವು ಕಾಯಬೇಕೇ? ಅಷ್ಟೇ ಅಲ್ಲ. ಪತ್ರ ಸಿಗದ ಯುವಕನಿಗೆ ವಿಶೇಷ ವಿವಾಹ ಕಾಯ್ದೆಯಿದೆ, ನೋಂದಣಾಧಿಕಾರಿಯ ಕಚೇರಿಯಿದೆ, ಮೂವತ್ತು ದಿನಗಳ ನೋಟೀಸಿದೆ. ಅಲ್ಲಿಗೆ ಹೋದವನು ಮುಂದೆ ತನ್ನ ಮಕ್ಕಳನ್ನು ಮದ್ರಸಕ್ಕೆ ಕಳುಹಿಸುತ್ತಾನೆಂದು ನಾನು ನಿರೀಕ್ಷಿಸಲಾರೆ.

ಟಿ. ನರಸೀಪುರಕ್ಕೂ ಹೋಗಿ ಬಂದೆ. ಹುಡುಗಿಯ ತಂದೆ ಸಣ್ಣ ವ್ಯಾಪಾರಿ. ನಂಜನಗೂಡನ್ನು ತೊಳೆದು ಬರುವ ಕಪಿಲೆ ಕಾವೇರಿಯನ್ನು ಸೇರುವ ಸಂಗಮದಿಂದ ಅವರ ಅಂಗಡಿ ದೂರವಿಲ್ಲ. 2025ರ ಫೆಬ್ರವರಿಯಲ್ಲಿ ಅಲ್ಲಿ ಕುಂಭಮೇಳ ನಡೆಯಿತು. 1989ರಿಂದ ನಡೆದುಬಂದಿರುವ ಮೇಳ. ‘ಎಷ್ಟು ಜನ ಬಂದಿದ್ದರು ಗೊತ್ತಾ ಮೌಲಾನಾ? ನೀರಿಗಿಳಿಯೋರನ್ನೆಲ್ಲ ನಿಲ್ಲಿಸಿ, ನಿನಗೆ ಪೂರ್ತಿ ನಂಬಿಕೆ ಇದೆಯಾ ಅಂತ ಯಾರೂ ಕೇಳ್ತಿರಲಿಲ್ಲ’ ಎಂದರು. ಭಾವೀ ಅಳಿಯನ ಸಂದೇಹಗಳ ಬಗ್ಗೆ ಅವರಿಗೆ ತಿಳಿದಿದೆ. ಹುಡುಗಿಗೂ ತಿಳಿದಿದೆ. ‘ಹುಡುಗ ಕುಡಿಯಲ್ಲ, ವರದಕ್ಷಿಣೆ ಬೇಡ ಅಂದಿದ್ದಾನೆ, ತಾಯಿಯನ್ನು ಚೆನ್ನಾಗಿ ನೋಡಿಕೊಳ್ತಾನೆ. ನಮಾಝಿನ ವಿಷಯ ಅಲ್ಲಾಹ್ ನೋಡಿಕೊಳ್ಳಲಿ. ಆದರೆ ಪತ್ರ ಇಲ್ಲದೆ ನಮ್ಮ ಜಮಾಅತ್ ಒಪ್ಪಲ್ಲ, ನಾಲ್ಕು ಜನರ ನಡುವೆ ಬದುಕಬೇಕಲ್ಲ’ ಎಂದು ಲೆಕ್ಕದ ಪುಸ್ತಕ ಮುಚ್ಚಿದರು. ಅಂದಹಾಗೆ, ವರದಕ್ಷಿಣೆ ಪಡೆದ ಎಷ್ಟು ಮಂದಿಗೆ ನಮ್ಮ ಸಮಿತಿಗಳು ಪತ್ರ ನಿರಾಕರಿಸಿವೆ? ಅವರನ್ನು ಎಂದಾದರೂ ಜುಮುಅದ ನಂತರ ನಿಲ್ಲಿಸಿದ್ದೇವೆಯೇ?

ಮುಂದಿನ ಶುಕ್ರವಾರ ಸಮಿತಿಯ ಸಭೆ ಕರೆಯಲಾಗಿದೆ. ಮಾತನಾಡಲು ನನಗೆ ಹತ್ತು ನಿಮಿಷ ಕೊಡಲು ಹಿರಿಯರು ಒಪ್ಪಿದ್ದಾರೆ. ಐವರು ಹುಡುಗರಲ್ಲಿ ಇಬ್ಬರು ತಾವೂ ಬರುವುದಾಗಿ ಹೇಳಿದ್ದಾರೆ. ಆ ಯುವಕನನ್ನೂ ಕರೆದೆ. ಬರುತ್ತೇನೆ ಎಂದ. ‘ನಮಾಝ್ ಮುಗಿದ ಮೇಲೆ ಬರ್ತೀನಿ ಮೌಲಾನಾ’ ಎಂದು ಒಂದು ಕ್ಷಣ ತಡೆದು, ‘ನೋಡೋಣ’ ಎಂದ.